ತಾಯಿಯ ಕಾಲಂನಲ್ಲಿ ಒಂದು ಅಡ್ಡಗೆರೆ

ಮೆಲ್ಕಾರಿನಲ್ಲಿ ನಾನು ಎರಡು ವರ್ಷ ಕಂಪ್ಯೂಟರ್ ಇನ್ಫರ್ಮೇಶನ್ ಸಿಸ್ಟಮ್ಸ್ ಎಂಬ ಡಿಪ್ಲೊಮಾ ಓದಿದೆ. ಬಸ್ಸಿನಲ್ಲಿ ಯಾರಾದರೂ ಏನು ಓದುತ್ತೀ ಎಂದು ಕೇಳಿದರೆ, ನಾನು ಕೋರ್ಸಿನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅವರ ಸ್ಟಾಪ್ ಬಂದಿರುತ್ತಿತ್ತು. ಇಳಿಯದೆ ಉಳಿದವರು, "ಅಂದ್ರೆ ಎಂತ, ಕಂಪ್ಯೂಟರ್ ರಿಪೇರಿಯಾ?" ಎನ್ನುತ್ತಿದ್ದರು. ಮೊದಮೊದಲು ಅಲ್ಲವೆಂದು ವಿವರಿಸುತ್ತಿದ್ದೆ. ಆಮೇಲೆ ಹೌದೆಂದು ಒಪ್ಪಿಕೊಂಡೆ. ಒಪ್ಪಿಕೊಂಡ ಮರುದಿನದಿಂದ ಊರಿನವರು ತಮ್ಮ ಕೆಟ್ಟ ಮೊಬೈಲುಗಳನ್ನು ತಂದುಕೊಡತೊಡಗಿದರು.

ಕಾಲೇಜಿನ ಹೆಸರು ಬೋರ್ಡಿನಲ್ಲಿ ನಾಲ್ಕು ಸಾಲು ಇತ್ತು, ಕಾಲೇಜು ಮಾತ್ರ ಟೈಲ್ಸ್ ಅಂಗಡಿಯ ಮೇಲಿನ ಒಂದೇ ಮಹಡಿ. ಲ್ಯಾಬಿಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಒಳಗೆ ಹನ್ನೆರಡು ಕಂಪ್ಯೂಟರುಗಳು. ಏಳು ನಡೆಯುತ್ತಿದ್ದವು, ಉಳಿದ ಐದು ತಪಾಸಣೆಗೆ ಬಂದವರು ಎಣಿಸಲಿಕ್ಕೆ. ಆಯುಧ ಪೂಜೆಯ ದಿನ ಹನ್ನೆರಡಕ್ಕೂ ಸಮಾನವಾಗಿ ಕುಂಕುಮ ಹಚ್ಚುತ್ತಿದ್ದೆವು. ಮೌಸಿನ ಕೆಳಗೆ ಲಿಂಬೆಹಣ್ಣು ಇಟ್ಟದ್ದನ್ನೂ ನಾನು ಕಂಡಿದ್ದೇನೆ.

ಇನ್ನು ರೆಕಾರ್ಡ್ ಪುಸ್ತಕ. ಬಲಗಡೆಯ ಪುಟದಲ್ಲಿ ಪ್ರೋಗ್ರಾಮನ್ನು ಪೆನ್ನಿನಲ್ಲಿ ಬರೆಯಬೇಕು. ಅದನ್ನು ಓಡಿಸಿದರೆ ಪರದೆಯ ಮೇಲೆ ಏನು ಕಾಣುತ್ತದೋ ಅದನ್ನು ಎಡಗಡೆಯ ಬಿಳಿ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದು ಸುತ್ತ ಸ್ಕೇಲಿಟ್ಟು ಚೌಕಟ್ಟು ಹಾಕಬೇಕು. ಚೌಕಟ್ಟು ಓರೆಯಾದರೆ ಮಾರ್ಕು ಹೋಯಿತು. ಎರಡು ವರ್ಷದಲ್ಲಿ ನಾನು ಕಂಪ್ಯೂಟರ್ ಮುಟ್ಟಿದ್ದಕ್ಕಿಂತ ಅದರ ಚಿತ್ರ ಬಿಡಿಸಿದ್ದೇ ಹೆಚ್ಚು. ಕೋರ್ಸ್ ಮುಗಿಯುವಾಗ ನನ್ನ ಗೆರೆಗಳು ಬಹಳ ನೇರವಾಗಿದ್ದವು.

ಆದರೆ ಎರಡನೆಯ ವರ್ಷದ ಪ್ರಾಜೆಕ್ಟಿಗೆ ಮಾತ್ರ ನಿಜವಾಗಿಯೂ ಓಡುವ ಒಂದು ವ್ಯವಸ್ಥೆಯನ್ನು ಮಾಡಿ ತೋರಿಸಬೇಕಿತ್ತು. ನನ್ನ ಕ್ಲಾಸಿನವರೆಲ್ಲ ಲೈಬ್ರರಿ ನಿರ್ವಹಣಾ ವ್ಯವಸ್ಥೆ ಮಾಡಿದರು. ಮಾಡಿದರು ಎಂದರೆ, ಹಿಂದಿನ ವರ್ಷದವರಿಂದ ಪೆನ್‌ಡ್ರೈವಿನಲ್ಲಿ ತಂದು ಮೊದಲ ಪುಟದ ಹೆಸರು ಬದಲಿಸಿದರು. ನಮ್ಮ ಕಾಲೇಜಿನ ಲೈಬ್ರರಿ ಬೀಗ ಹಾಕಿದ ಒಂದು ಕಪಾಟು. ಅದರ ನಿರ್ವಹಣೆಗೆ ಕೀಲಿಕೈ ಸಾಕಿತ್ತು.

ನನಗೆ ಆ ಧೈರ್ಯ ಇರಲಿಲ್ಲ. ಅದಕ್ಕೆ ಮೊದಲು ಉಜಿರೆಯಲ್ಲಿ ಡಿಗ್ರಿಗೆ ಸೇರಿ ಒಂದು ವರ್ಷ ಹಾಳುಮಾಡಿ ಬಂದವಳು ನಾನು. ಮನೆಯಲ್ಲಿ ಅಮ್ಮ ಬೀಡಿ ಕಟ್ಟುತ್ತಾಳೆ. ಡಿಪ್ಲೊಮಾಕ್ಕೆ ಸೇರುವ ದಿನ ಅವಳು ಬಾಗಿಲಲ್ಲೇ ಹೇಳಿ ಕಳಿಸಿದ್ದಳು: "ಇದೂ ಹೋದರೆ ನನ್ನ ಪಕ್ಕದಲ್ಲಿ ನಿನಗೊಂದು ತಡ್ಪೆ ಇಡ್ತೇನೆ." ತಡ್ಪೆ ಎಂದರೆ ಎಲೆ, ಹೊಗೆಸೊಪ್ಪು, ಕತ್ತರಿ ಎಲ್ಲ ಇಟ್ಟುಕೊಂಡು ಬೀಡಿ ಕಟ್ಟಲು ಮಡಿಲ ಮೇಲೆ ಇರಿಸುವ ಮೊರ. ಪ್ರಾಜೆಕ್ಟ್ ಫೇಲಾದರೆ ಇಡೀ ವರ್ಷ ಮತ್ತೆ ಓದಬೇಕು, ಮತ್ತೆ ಓದಿಸಲು ಅಮ್ಮ ತಯಾರಿಲ್ಲ. ಆಗ ನನಗೆ ತಿಳಿಯದಿದ್ದ ಸಂಗತಿ ಎಂದರೆ, ಈ ಪ್ರಾಜೆಕ್ಟ್ ಕೊನೆಗೆ ಒಬ್ಬ ಮುದುಕ ತನ್ನ ತಾಯಿಯ ಹೆಸರು ಹೇಳುತ್ತಾನೋ ಇಲ್ಲವೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ ಎಂಬುದು.

ವಿಷಯ ಸಿಕ್ಕಿದ್ದು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ. ವೇಣೂರಿನಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ನಮ್ಮ ಕುಟುಂಬದ ಮನೆ ಇದೆ. ಅಲ್ಲಿ ಯಾರೂ ವಾಸವಿಲ್ಲ, ದೈವದ ಪರ್ವಕ್ಕೆ ಮಾತ್ರ ಸೇರುವುದು. ಚೆನ್ನಾಗಿದ್ದ ಹಳೆಯ ಮರದ ಕಂಬಗಳನ್ನು ಮಾರಿ, ಮರದ ಹಾಗೆ ಕಾಣುವ ಬಣ್ಣ ಬಳಿದ ಸಿಮೆಂಟ್ ಕಂಬ ನಿಲ್ಲಿಸಿ, ಅದನ್ನು ಜೀರ್ಣೋದ್ಧಾರ ಎಂದು ಕರೆದಿದ್ದರು. ಗೃಹಪ್ರವೇಶದ ದಿನ ಗೋಡೆಗೆ ಇಡೀ ಕುಟುಂಬದ ವಂಶವೃಕ್ಷದ ಫ್ಲೆಕ್ಸ್ ಹಾಕಬೇಕೆಂದು ದುಬೈಯ ಮಾವ ಒಬ್ಬರು ಗುಂಪಿನಲ್ಲಿ ಬರೆದರು. ಮೂವತ್ತು ಜನ ಕೈಮುಗಿಯುವ ಚಿತ್ರ ಹಾಕಿದರು. ಕೆಲಸ ಯಾರು ಮಾಡುವುದು ಎಂದಾಗ ಗುಂಪು ತಣ್ಣಗಾಯಿತು. ಆಗ ಅಮ್ಮ, ಜೀವನದಲ್ಲಿ ಮೊದಲ ಬಾರಿ, ಆ ಗುಂಪಿನಲ್ಲಿ ಟೈಪ್ ಮಾಡಿದಳು: ನನ್ನ ಮಗಳು ಕಂಪ್ಯೂಟರ್ ಕಲಿಯುತ್ತಿದ್ದಾಳೆ.

ನಮ್ಮದು ಅಳಿಯಕಟ್ಟಿನ ಮನೆತನ. ಕುಟುಂಬದ ಲೆಕ್ಕ ತಾಯಿಯ ಕಡೆಯಿಂದ. ಮಗಳ ಮಕ್ಕಳು ನಮ್ಮವರು, ಮಗನ ಮಕ್ಕಳು ಅವರ ತಾಯಿಯ ಮನೆಯವರು. ಯಜಮಾನಿಕೆ ಮಾತ್ರ ಗಂಡಸರದ್ದು. ಹೆಂಗಸರು ಕುಟುಂಬವನ್ನು ಹೆರುತ್ತಾರೆ, ಗಂಡಸರು ಅದರ ಮೀಟಿಂಗಿನ ಅಧ್ಯಕ್ಷತೆ ವಹಿಸುತ್ತಾರೆ. ಹಾಗಾಗಿ ನಾನು ಪ್ರತಿಯೊಬ್ಬರಿಗೂ ಒಂದು ನಂಬರು ಕೊಟ್ಟು, ಪ್ರತಿಯೊಬ್ಬರ ಎದುರು ತಾಯಿಯ ನಂಬರು ಹಾಕುವ ಒಂದು ಕಾಲಂ ಮಾಡಿದೆ. ನಮ್ಮ ಪ್ರಾಜೆಕ್ಟ್ ಸರ್ ಹಾವೇರಿ ಕಡೆಯವರು. ನೋಡಿ ಬೆಚ್ಚಿಬಿದ್ದರು.

"ಅಪ್ಪನ ಕಾಲಮ್ಮೇ ಇಲ್ಲಲ್ರೀ ಇದ್ರಾಗ?"

"ನಮ್ಮಲ್ಲಿ ಅದು ಬೇಡ ಸರ್."

ಅವರು ನನ್ನನ್ನು ಸ್ವಲ್ಪ ಹೊತ್ತು ಕನಿಕರದಿಂದ ನೋಡಿದರು. ಬಿಡಿಸಿ ಹೇಳಿದ ಮೇಲೆ ಖುಷಿಯಾದರು. ಲೈಬ್ರರಿಯಲ್ಲದ ಪ್ರಾಜೆಕ್ಟನ್ನು ಅವರು ನೋಡಿ ಎಷ್ಟು ಕಾಲವಾಗಿತ್ತೋ. ಎರಡು ಷರತ್ತು ಹಾಕಿದರು. ತಾಯಿಯ ಕಾಲಂ ಖಾಲಿ ಬಿಡಬಾರದು, ಬಿಟ್ಟರೆ ಕಂಪ್ಯೂಟರ್ ಆ ವ್ಯಕ್ತಿಯನ್ನೇ ತೆಗೆದುಕೊಳ್ಳಬಾರದು. ಮತ್ತೆ, ತಪ್ಪು ಮಾಹಿತಿಯನ್ನು ಹಿಡಿಯುವ ನಿಯಮಗಳು ಐದಾದರೂ ಬೇಕು. "ಹಂಗಾದ್ರೆ ಎಲ್ಲರ ಮೊದಲಿನ ಅಜ್ಜಿಗೆ ತಾಯಿ ಯಾರು ಸರ್?" ಎಂದು ಅವರದೇ ಧಾಟಿಯಲ್ಲಿ ಕೇಳಿದೆ. "ಆಕಿಗೆ ಆಕಿ ನಂಬರೇ ಹಾಕ್ರಿ" ಎಂದರು. ಹೀಗೆ ನಮ್ಮ ಮೂಲದ ಅಜ್ಜಿ ತನಗೆ ತಾನೇ ತಾಯಿಯಾದಳು.

ನಾಲ್ಕು ನಿಯಮ ಬೇಗ ಹೊಳೆದವು. ಐದನೆಯದಕ್ಕೆ ತಲೆ ಓಡದೆ, ಒಬ್ಬಳೇ ತಾಯಿಯ ಎರಡು ಮಕ್ಕಳ ನಡುವೆ ಒಂಬತ್ತು ತಿಂಗಳಾದರೂ ಇರಬೇಕು ಎಂದು ಬರೆದೆ. ಅವಳಿಗಳಿಗೆ ವಿನಾಯಿತಿ ಕೊಟ್ಟೆ. ಬದುಕಿರುವವರ ಪಟ್ಟಿಯೂ ಬೇಕು, ಹಿರಿಯರಿಂದ ಕಿರಿಯರಿಗೆ, ಯಾಕೆಂದರೆ ಗೃಹಪ್ರವೇಶದ ದಿನ ಪ್ರಸಾದ ಕೊಡುವುದು ಆ ಕ್ರಮದಲ್ಲಿ. ಅದಕ್ಕೆ ಸುಲಭದ ದಾರಿ ಹಿಡಿದೆ. ಮರಣದ ಕಾಲಂನಲ್ಲಿ ಏನೂ ಇಲ್ಲದಿದ್ದರೆ ಬದುಕಿದ್ದಾರೆ ಎಂದು ಲೆಕ್ಕ.

ಮಾಹಿತಿ ಇದ್ದದ್ದು ಯಜಮಾನ ಅಜ್ಜನ ಬಳಿ. ಅವರಿಗೆ ಎಪ್ಪತ್ತೆಂಟು ವರ್ಷ, ಕುಟುಂಬದಲ್ಲಿ ಬದುಕಿರುವ ಗಂಡಸರು ಹೆಂಗಸರು ಎಲ್ಲರಿಗಿಂತ ಹಿರಿಯರು. ನನ್ನ ಅಜ್ಜಿಯ ಅಣ್ಣ, ಅಂದರೆ ಮುತ್ತಜ್ಜಿಯ ಹಿರಿಮಗ ಎಂದು ನಾವೆಲ್ಲ ತಿಳಿದಿದ್ದೆವು. ಮೂಡುಬಿದಿರೆಯಲ್ಲಿ ಹೆಂಡತಿಯ ಮನೆಯಲ್ಲಿದ್ದು, ಈಗಲೂ ದಿನಾ ಸಿದ್ದಕಟ್ಟೆ ದಾರಿಯ ಬಸ್ಸು ಹಿಡಿದು ಬಂಟ್ವಾಳ ತಾಲೂಕು ಕಚೇರಿಯ ಎದುರು ಬಂದು ಕೂತುಕೊಳ್ಳುತ್ತಿದ್ದರು. ಒಂದು ಮೇಜು, ಒಂದು ಕೊಡೆ, ನಾಲ್ಕು ಪೆನ್ನು. ಐವತ್ತು ವರ್ಷದಿಂದ ಅರ್ಜಿ ಬರೆಯುವ ಕೆಲಸ. ಎಲ್ಲ ಅರ್ಜಿಯೂ ಆನ್‌ಲೈನ್ ಆಗಿದೆ ಎಂದು ಸರಕಾರ ಹೇಳಿದ ಮೇಲೆ ಅವರಿಗೆ ಕೆಲಸ ಹೆಚ್ಚೇ ಆಗಿತ್ತು. ಆನ್‌ಲೈನಿನಲ್ಲಿ ಯಾಕೆ ಆಗಲಿಲ್ಲ ಎಂದು ಕೇಳುವ ಅರ್ಜಿಗಳನ್ನು ಕೈಯಲ್ಲೇ ಬರೆಯಬೇಕಲ್ಲ.

ಅವರು ಕೊಟ್ಟ ಕುಟುಂಬದ ಪುಸ್ತಕ ತುಂಬ ಹಳೆಯದು. ಗಂಡಸರ ಪಟ್ಟಿ ಬೇರೆ, ಹೆಂಗಸರ ಪಟ್ಟಿ ಬೇರೆ. ಯಾರು ಯಾರ ಮಗ ಎಂಬುದು ಬರೆದವರಿಗೆ ಗೊತ್ತಿತ್ತು, ಆದ್ದರಿಂದ ಬರೆದಿರಲಿಲ್ಲ. ಹೆಂಗಸರ ಪಟ್ಟಿಯಲ್ಲಿ ಒಂದು ಹಾಳೆಯನ್ನು ಬ್ಲೇಡಿನಿಂದ ಬುಡಕ್ಕೇ ಕತ್ತರಿಸಿದ್ದರು. ಹುಳ ತಿಂದ ಹಾಳೆಯನ್ನು ತೆಗೆದಿರಬೇಕು ಅಂದುಕೊಂಡೆ. ಹುಳಕ್ಕೆ ಬ್ಲೇಡ್ ಹಿಡಿಯಲು ಬರುವುದಿಲ್ಲ ಎಂಬುದು ಹೊಳೆಯಲಿಲ್ಲ. ಪುಸ್ತಕ ಸಾಲದೆಂದು ನಾನೇ ಒಂದು ಫಾರಂ ಮಾಡಿ ಎಲ್ಲರಿಗೂ ಹಂಚಿದೆ. ಹೆಸರು, ಹುಟ್ಟು, ಮರಣವಾಗಿದ್ದರೆ ಮರಣ, ತಾಯಿ, ಮಕ್ಕಳು.

ಮಾವಂದಿರು ಅದನ್ನು ತುಂಬಿದ ಚಂದವನ್ನು ಏನು ಹೇಳಲಿ. ಒಬ್ಬರು ಹುಟ್ಟಿನ ಜಾಗದಲ್ಲಿ "ಆಸ್ಪತ್ರೆ" ಎಂದು ಬರೆದಿದ್ದರು. ಮತ್ತೊಬ್ಬರು ಮರಣದ ಜಾಗದಲ್ಲಿ "ಸದ್ಯಕ್ಕೆ ಇಲ್ಲ" ಎಂದಿದ್ದರು. ಯಜಮಾನ ಅಜ್ಜನ ಫಾರಂ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು. ತಾಯಿ ಎಂಬಲ್ಲಿ ಒಂದು ಅಡ್ಡಗೆರೆ.

ಅವರ ವೃತ್ತಿಯ ನಿಯಮ ಅದು, ನನಗೂ ಎಷ್ಟೋ ಸಲ ಹೇಳಿದ್ದರು. ಅರ್ಜಿಯಲ್ಲಿ ಯಾವ ಜಾಗವನ್ನೂ ಖಾಲಿ ಬಿಡಬಾರದು, ಬಿಟ್ಟರೆ ಬೇರೆಯವರು ಏನಾದರೂ ತುಂಬುತ್ತಾರೆ. ಇಲ್ಲದ್ದಕ್ಕೆ, ಗೊತ್ತಿಲ್ಲದ್ದಕ್ಕೆ ಒಂದು ಗೆರೆ ಎಳೆ. ಸರಿ, ಮರೆತಿರಬೇಕು ಎಂದು ನಾನೇ ಅವರ ತಾಯಿಯ ಜಾಗದಲ್ಲಿ ಮುತ್ತಜ್ಜಿಯ ನಂಬರು ಹಾಕಿದೆ. ಕಂಪ್ಯೂಟರ್ ಕೆಂಪಗಾಯಿತು. ಐದನೆಯ ನಿಯಮ! ಯಜಮಾನ ಅಜ್ಜನಿಗೂ ಮುತ್ತಜ್ಜಿಯ ಇನ್ನೊಬ್ಬ ಮಗನಿಗೂ ಮೂರೇ ತಿಂಗಳ ಅಂತರ. ತಲೆ ಓಡದೆ ಬರೆದ ನಿಯಮ ಕುಟುಂಬವು ಎಪ್ಪತ್ತು ವರ್ಷ ಮುಚ್ಚಿಟ್ಟಿದ್ದ ಬಾಯಿ ಬಿಡಿಸಿತ್ತು.

ಸರ್‌ಗೆ ಹೇಳಿದೆ. "ಅವರಿಗೂ ಅವರ ನಂಬರೇ ಹಾಕಿ ಮುಗಿಸ್ರಿ, ಮುಂದಿನ ವಾರ ವೈವಾ ಐತಿ" ಎಂದರು. ಹಾಕಿದೆ. ಈಗ ತೆಗೆದುಕೊಂಡಿತು. ಪ್ರಿಂಟ್ ಕೊಟ್ಟರೆ ಕುಟುಂಬವೆಲ್ಲ ಹನ್ನೊಂದು ಹಾಳೆಯಲ್ಲಿ ಬಂತು. ಹನ್ನೆರಡನೆಯ ಹಾಳೆಯಲ್ಲಿ ಯಜಮಾನ ಅಜ್ಜನ ಹೆಸರು, ಮೇಲೆ ಯಾರೂ ಇಲ್ಲ, ಕೆಳಗೆ ಯಾರೂ ಇಲ್ಲ, ಒಂಟಿ. ಕಂಪ್ಯೂಟರಿನ ಪ್ರಕಾರ ಕುಟುಂಬದ ಯಜಮಾನರು ಕುಟುಂಬಕ್ಕೇ ಸೇರಿದವರಲ್ಲ.

ಮನೆಗೆ ಬಂದು ಅಮ್ಮನಿಗೆ ತೋರಿಸಿದೆ. ಅವಳು ಎಲೆ ಕತ್ತರಿಸುತ್ತಿದ್ದವಳು ಕತ್ತರಿ ಇಟ್ಟಳು. ಬೀಡಿ ಕಟ್ಟುವವರು ಸುಮ್ಮನೆ ಕತ್ತರಿ ಕೆಳಗಿಡುವುದಿಲ್ಲ.

"ಅವರು ನಿನ್ನ ಮುತ್ತಜ್ಜಿಯ ಮಗ ಅಲ್ಲ, ಅಕ್ಕನ ಮಗ" ಎಂದಳು. ಆ ಅಕ್ಕ ಗಂಡ ಸತ್ತ ಮೇಲೆ, ಘಟ್ಟದ ಕಾಫಿ ತೋಟಗಳಿಗೆ ಆಳು ಕರೆದುಕೊಂಡು ಹೋಗುವ ಮೇಸ್ತ್ರಿಯೊಬ್ಬನ ಜತೆ ಚಾರ್ಮಾಡಿ ಹತ್ತಿ ಹೋದಳಂತೆ. ಅವನು ಬೇರೆ ಜಾತಿ. ಆಗಿನ ಯಜಮಾನರು ಅವಳು ಸತ್ತಳೆಂದು ಸಾರಿ, ಬದುಕಿದ್ದವಳಿಗೆ ಬೊಜ್ಜ ಮಾಡಿಸಿದರು. ಬೊಜ್ಜ ಎಂದರೆ ನಮ್ಮಲ್ಲಿ ಸತ್ತವರ ಉತ್ತರಕ್ರಿಯೆ. ಊರಿಗೆ ಊಟ ಹಾಕಿದರು. ಎಂಟು ವರ್ಷದ ಮಗನನ್ನೂ ಪಂಕ್ತಿಯಲ್ಲಿ ಕೂರಿಸಿ ಬಡಿಸಿದರು. ಹಾಳೆ ಕತ್ತರಿಸಿದ್ದೂ ಆಗಲೇ. ಮಗನನ್ನು ಮುತ್ತಜ್ಜಿ ತನ್ನ ಮಕ್ಕಳ ಜತೆ ಸಾಕಿದಳು.

"ಅವಳ ಹೆಸರೆಂತ ಅಮ್ಮ?"

"ನನಗೆ ಗೊತ್ತಿಲ್ಲ ಮಾರಾಯ್ತಿ. ಯಾರೂ ಹೇಳ್ಲಿಲ್ಲ. ನೀನೂ ಅವರ ಹತ್ರ ಹೋಗಿ ಕೇಳ್ಬೇಡ."

ನಾನು ಕೇಳಲಿಕ್ಕೆ ಹೋದೆ. ಒಳ್ಳೆಯ ಉದ್ದೇಶದಿಂದ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಪ್ರಾಜೆಕ್ಟ್ ಮುಗಿಯಬೇಕಿತ್ತು, ತಡ್ಪೆಯ ಹೆದರಿಕೆ ಇತ್ತು. ಅಷ್ಟೇ.

ಮಧ್ಯಾಹ್ನದ ಹೊತ್ತು. ಬಂಟ್ವಾಳದ ತಾಲೂಕು ಕಚೇರಿ ಇರುವ ಬಿ.ಸಿ. ರೋಡಿನಲ್ಲಿ ಬಸ್ಸಿಳಿದು ಹೋದಾಗ ಕಚೇರಿಯವರೆಲ್ಲ ಊಟಕ್ಕೆ ಹೋಗಿದ್ದರು, ಅಜ್ಜ ಕೊಡೆಯ ಕೆಳಗೆ ಒಬ್ಬರೇ ಇದ್ದರು. ಹನ್ನೆರಡನೆಯ ಹಾಳೆಯನ್ನು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿ ನೋಡಿದರು. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿದ್ದೇನೆ.

"ಇದೆಂತ ಮಗಾ, ನಾನೊಬ್ಬನೇ?"

"ಕಂಪ್ಯೂಟರಿಗೆ ನಿಮ್ಮ ಅಮ್ಮ ಸಿಗ್ತಾ ಇಲ್ಲ ಅಜ್ಜ."

"ಗೆರೆ ಎಳೆದಿದ್ದೆನಲ್ಲ."

"ಗೆರೆಯನ್ನು ಅದು ತಗೊಳ್ಳುವುದಿಲ್ಲ."

"ತಾಲೂಕು ಕಚೇರಿಯವರು ತಗೊಳ್ತಾರೆ."

"ಅದು ಸರಕಾರ ಅಜ್ಜ, ಏನು ಕೊಟ್ಟರೂ ತಗೊಳ್ತದೆ."

ಅವರು ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಹಾಳೆಯನ್ನೇ ನೋಡುತ್ತಾ ಕೂತರು. ನಾನು ಎದ್ದು ಹೋಗಲೋ ಎಂದುಕೊಳ್ಳುವಾಗ ಕೇಳಿದರು, "ನಿನ್ನ ಅಮ್ಮ ಹೇಳಿದ್ದಾಳೆ ಅಲ್ವಾ?"

"ಹೇಳಿದ್ದಾಳೆ."

"ಅವಳಿಗೆ ಅರ್ಧ ಗೊತ್ತುಂಟು."

ಉಳಿದರ್ಧವನ್ನು ಅವರು ಮೇಜಿನ ಆಚೆ ಕೂತು ಅರ್ಜಿ ಓದಿ ಹೇಳುವ ದನಿಯಲ್ಲೇ ಹೇಳಿದರು. ಅವರಿಗೆ ಮೂವತ್ತೈದು ಇರುವಾಗ ಒಂದು ದಿನ, ಇದೇ ಮೇಜಿನ ಎದುರು ಒಬ್ಬಳು ಹೆಂಗಸು ಬಂದು ಕೂತಳು. ಗಂಡ ಸತ್ತಿದ್ದಾನೆ, ತೋಟದವರು ಆಳುಗಳಿಗೆ ಕೊಡುವ ಲೈನ್ ಮನೆಯಿಂದ ಹೊರಗೆ ಹಾಕುತ್ತಾರಂತೆ, ಹಾಕಬಾರದೆಂದು ಒಂದು ಅರ್ಜಿ ಬೇಕು. ಇವರು ಹೆಸರು ಕೇಳಿದರು. ಅವಳು ಹೇಳಿದಳು.

"ಪೆನ್ನು ನಿಂತುಹೋಯಿತು. ಮುಖ ನೋಡಲಿಲ್ಲ ನಾನು. ವಯಸ್ಸು ಕೇಳಿದೆ, ಊರು ಕೇಳಿದೆ. ಮಕ್ಕಳು ಅಂತ ಒಂದು ಜಾಗ ಉಂಟಲ್ಲ, ಅದನ್ನೂ ಕೇಳಿದೆ. ಕೆಲಸ ಅಲ್ವಾ, ಕೇಳ್ಲೇಬೇಕು."

"ಏನು ಹೇಳಿದರು?"

"ಗೆರೆ ಎಳೆಯಿರಿ ಅಂದಳು. ಎಳೆಯಿರಿ ಅಂತ, ನನಗೆ ಬಹುವಚನ. ಎಳೆದೆ."

ಆಚೆ ಹೈವೇಯಲ್ಲಿ ಧರ್ಮಸ್ಥಳದ ಬಸ್ಸೊಂದು ಹಾರ್ನ್ ಹಾಕುತ್ತಾ ಹೋಯಿತು. ಅವರು ಅದು ಹೋಗುವವರೆಗೆ ಕಾದರು.

"ಆ ಅರ್ಜಿಗೆ ಅವಳು ಇಲ್ಲಿಯವರೆಗೆ ಬರಬೇಕಂತ ಇರಲಿಲ್ಲ ಮಗಾ. ತೋಟದ ಹತ್ತಿರ ಮೂಡಿಗೆರೆಯಲ್ಲೂ ಅರ್ಜಿ ಬರೆಯುವವರಿದ್ದರು. ಅದು ನನಗೆ ಆಗಲೇ ಗೊತ್ತಾಯಿತು. ಗೊತ್ತಾಗಿಯೂ ಗೆರೆ ಎಳೆದೆ."

ನನಗೆ ನಾಚಿಕೆಯಾಯಿತು. ನನ್ನ ಐದು ನಿಯಮ, ಕೆಂಪು ಅಕ್ಷರ, ಮಾರ್ಕು ಎಲ್ಲದರ ಬಗ್ಗೆಯೂ. "ಬಿಡಿ ಅಜ್ಜ, ಖಾಲಿ ತಗೊಳ್ಳುವ ಹಾಗೆ ಮಾಡ್ತೇನೆ, ಒಂದೇ ಸಾಲು ಬದಲಿಸಿದರೆ ಆಯಿತು" ಎಂದೆ. ಅದು ನಿಜವೂ ಹೌದು. ಒಂದೇ ಸಾಲಿನ ಕೆಲಸ ಅದು, ಮಾರ್ಕು ಸ್ವಲ್ಪ ಹೋಗುತ್ತಿತ್ತು ಅಷ್ಟೇ. ಇಷ್ಟು ಸುಲಭದ್ದನ್ನು ಇಲ್ಲಿಗೆ ಬರುವ ಮೊದಲೇ ಮಾಡಬಹುದಿತ್ತಲ್ಲ ಎಂದು ಆಗ ಹೊಳೆಯಿತು.

"ಬದಲಿಸ್ಬೇಡ. ಒಂದು ಫಾರಂ ಕೊಡು" ಎಂದರು.

ಚೀಲದಲ್ಲಿದ್ದ ಖಾಲಿ ಫಾರಂ ಕೊಟ್ಟೆ. ಅವರು ನಾಲ್ಕು ಪೆನ್ನುಗಳಲ್ಲಿ ಒಳ್ಳೆಯದನ್ನು ಆರಿಸಿ, ರದ್ದಿ ಕಾಗದದಲ್ಲಿ ಗೀಚಿ ನೋಡಿ, ಬರೆಯತೊಡಗಿದರು. ಹೆಸರು ಬರೆದರು. ಆ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ, ಅದನ್ನು ಬರೆಯುವ ಹಕ್ಕು ಅವರದು. ಹುಟ್ಟು, ಅಂದಾಜು. ತಾಯಿ, ನಮ್ಮ ಮೂಲದ ಅಜ್ಜಿ. ಮಕ್ಕಳು ಎಂಬಲ್ಲಿ ಪೆನ್ನು ಎತ್ತಿ ಒಂದು ಗಳಿಗೆ ನಿಲ್ಲಿಸಿ, ತನ್ನ ಹೆಸರನ್ನು ಪೂರ್ತಿಯಾಗಿ, ಇನಿಶಿಯಲ್ ಸಮೇತ ಬರೆದರು. ಮರಣ ಎಂಬಲ್ಲಿಗೆ ಬಂದಾಗ ನನ್ನ ಕಡೆ ನೋಡಿದರು.

"ಯಾವಾಗ ಅಂತ ನನಗೆ ಗೊತ್ತಿಲ್ಲ" ಎಂದು ಅಲ್ಲೊಂದು ಗೆರೆ ಎಳೆದರು.

ಲ್ಯಾಬಿಗೆ ಹೋಗಿ ಅವಳನ್ನು ಸೇರಿಸಿದೆ. ಮಗನ ಎದುರು ಅವಳ ನಂಬರು ಹಾಕಿದೆ. ಈ ಸಲ ಹನ್ನೊಂದೇ ಹಾಳೆ ಬಂತು. ಕಂಪ್ಯೂಟರ್ ಗೆರೆಯನ್ನು ತೆಗೆದುಕೊಳ್ಳದ ಕಾರಣ ಮರಣದ ಜಾಗವನ್ನು ಖಾಲಿ ಬಿಟ್ಟಿದ್ದೆ, ಅದರಿಂದ ಏನಾಗುತ್ತದೆ ಎಂದು ಯೋಚಿಸಿರಲಿಲ್ಲ. ಎರಡು ವರ್ಷ ಚೌಕಟ್ಟು ಎಳೆದವಳ ಬುದ್ಧಿ ಅಷ್ಟೇ ತಾನೆ.

ವೈವಾಕ್ಕೆ ಮಂಗಳೂರಿನಿಂದ ಬಂದ ಪರೀಕ್ಷಕರು ಲೈಬ್ರರಿಗಳನ್ನು ನೋಡಿ ನೋಡಿ ಆಕಳಿಸುತ್ತಿದ್ದರು. ನನ್ನದರಲ್ಲಿ ಬದುಕಿರುವವರ ಪಟ್ಟಿ ತೆಗೆಯಲು ಹೇಳಿದರು. ಮೊದಲ ಸಾಲಿನಲ್ಲಿ ಯಜಮಾನ ಅಜ್ಜ ಬರಬೇಕಿತ್ತು. ಅವರು ಎರಡನೆಯವರಾಗಿದ್ದರು. ಮೊದಲನೆಯದು ಅವರ ಅಮ್ಮ, ವಯಸ್ಸು ತೊಂಬತ್ತೆಂಟು.

"ಇವರು ಈಗಲೂ ಇದ್ದಾರಾ?" ಎಂದು ಪರೀಕ್ಷಕರು ಕೇಳಿದರು.

"ಗೊತ್ತಿಲ್ಲ ಸರ್."

"ಮತ್ತೆ ನಿಮ್ಮ ಸಿಸ್ಟಮ್ ಇದ್ದಾರೆ ಅಂತ ಹೇಳ್ತದಲ್ಲ. ಗೊತ್ತಿಲ್ಲದವರನ್ನು ಬದುಕಿದ್ದಾರೆ ಅಂತ ಲೆಕ್ಕ ಹಾಕುವುದು ದೊಡ್ಡ ತಪ್ಪು." ಮಾರ್ಕು ಕಳೆದರು. ಹಾಗೆಂದು ಫೇಲ್ ಮಾಡಲಿಲ್ಲ. ಡಿಪ್ಲೊಮಾ ಬಂತು, ತಡ್ಪೆ ತಪ್ಪಿತು. ಈಗ ನಾನು ಬೆಳ್ತಂಗಡಿಯ ಒಂದು ಸಹಕಾರಿ ಸಂಘದಲ್ಲಿ ಕಂಪ್ಯೂಟರಿನ ಎದುರು ಕೂತು, ಸರ್ವರ್ ಇಲ್ಲ ಎಂದು ಜನರಿಗೆ ತಿಳಿಸುವ ಕೆಲಸ ಮಾಡುತ್ತೇನೆ.

ಗೃಹಪ್ರವೇಶಕ್ಕೆ ಮೊದಲು ಆ ತಪ್ಪನ್ನು ತಿದ್ದುವ ಎಂದು ಅಜ್ಜನಿಗೆ ಫೋನ್ ಮಾಡಿದೆ. ಪಟ್ಟಿಯಲ್ಲಿ ಅವರ ಅಮ್ಮ ಬದುಕಿರುವವರ ಸಾಲಿನಲ್ಲಿ ಬಂದಿದ್ದಾರೆ, ತೆಗೆಯಲಾ ಎಂದು ಕೇಳಿದೆ.

"ಇರಲಿ" ಎಂದರು.

ಹೆಸರನ್ನು ಹಾಗೆಯೇ ಇಟ್ಟೆ. ಕುಟುಂಬದಲ್ಲಿ ದೊಡ್ಡ ಗಲಾಟೆಯಾಗುತ್ತದೆಂದು ಅಮ್ಮ ಹೆದರಿದ್ದಳು. ಏನೂ ಆಗಲಿಲ್ಲ. ಫ್ಲೆಕ್ಸಿನ ಎದುರು ಎಲ್ಲರೂ ತಮ್ಮ ತಮ್ಮ ಹೆಸರು ಹುಡುಕಿ, ಅದರ ಪಕ್ಕ ಬೆರಳಿಟ್ಟು ಫೋಟೋ ತೆಗೆಸಿಕೊಂಡು ಊಟಕ್ಕೆ ಓಡಿದರು. ಮಧ್ಯಾಹ್ನ ಪ್ರಸಾದ ಕೊಡುವಾಗ ನನ್ನ ಪಟ್ಟಿ ಹಿಡಿದುಕೊಂಡ ಮಾವ ಮೊದಲ ಹೆಸರನ್ನು ಕೂಗಿದರು. ಯಾರೂ ಎದ್ದು ಬರಲಿಲ್ಲ. ಯಾರಿದು, ಬಂದಿಲ್ಲವಾ ಎಂದು ಅವರು ಮತ್ತೊಮ್ಮೆ ಕೂಗಿದರು. ಆಗ ಯಜಮಾನ ಅಜ್ಜ ಎದ್ದು ಹೋಗಿ ಕೈ ಚಾಚಿ, "ಬಂದಿಲ್ಲ. ನನ್ನ ಅಮ್ಮ. ನನ್ನ ಕೈಯಲ್ಲಿ ಕೊಡು" ಎಂದರು. ತೆಗೆದುಕೊಂಡು, ಬಾಳೆಲೆಯಲ್ಲಿ ಮಡಚಿ ಅಂಗಿಯ ಕಿಸೆಯಲ್ಲಿಟ್ಟು, ತನ್ನ ಪಾಲಿಗಾಗಿ ಅಲ್ಲೇ ನಿಂತರು.